ಒಂದು ಸೊನ್ನೆಯ ಸಾಲ

ಮೊದಲು ಈ ಎರಡು ಹೆಸರು ಓದಿ.

ವೆಂಕಟರೋಣಪ್ಪ
ವೆ೦ಕಟರೋಣಪ್ಪ

ಏನಾದ್ರೂ ವ್ಯತ್ಯಾಸ ಕಾಣಿಸ್ತಾ? ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ನಮ್ಮಪ್ಪನಿಗೂ ಕಾಣಲಿಲ್ಲ, ಚಿಕ್ಕಪ್ಪನಿಗೂ ಕಾಣಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಆರು ವರ್ಷದಿಂದ ಡೇಟಾಬೇಸ್ ಜೊತೆಗೇ ಹೆಣಗಾಡ್ತಿರೋ ನನಗೂ ಕಾಣಲಿಲ್ಲ. ಇದು ಕಾಣದೇ ಹೋದದ್ದರಿಂದ ಒಬ್ಬ ರೈತರು ಆರು ಸಾವಿರ ರೂಪಾಯಿ ಸಾಲವನ್ನ ಎರಡು ಸಲ ತೀರಿಸಿದರು. ಅದೂ ನಾಲ್ಕು ಜನರ ಮುಂದೆ ಮಾತು ಕೇಳಿಸಿಕೊಂಡು. ಆ ಕಥೆ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ, ಇವತ್ತು ಕೂತಿದ್ದೀನಿ. ಮಧ್ಯದಲ್ಲಿ ಸ್ವಲ್ಪ ಪ್ರೋಗ್ರಾಮಿಂಗ್ ಬರುತ್ತೆ. ಹೆದರಬೇಡಿ, ಅಪ್ಪನಿಗೆ ಹೇಳಿದ ಹಾಗೇ ಹೇಳ್ತೀನಿ :-)

ನಮ್ಮದು ಶಿಡ್ಲಘಟ್ಟ. ನಾನು ಸ್ಕೂಲಿಗೆ ಸೇರಿದಾಗ ಅದು ಕೋಲಾರ ಜಿಲ್ಲೆ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತು. ನಮ್ಮಜ್ಜಿ ಮಾತ್ರ ಕೊನೆವರೆಗೂ ಕೋಲಾರ ಜಿಲ್ಲೆಯಲ್ಲೇ ಇದ್ದರು! ಅಪ್ಪನದು ರೇಷ್ಮೆ ಸಾಮಾನಿನ ಅಂಗಡಿ. ಚಂದ್ರಿಕೆ, ಸುಣ್ಣ, ಬ್ಲೀಚಿಂಗ್ ಪೌಡರ್, ಹುಳು ಮನೆ ತೊಳೆಯೋ ಔಷಧಿ, ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ, ಹೀಗೆ. ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳು ಮರಿಯಾದಾಗಿಂದ ಹಣ್ಣಾಗಿ ಚಂದ್ರಿಕೆ ಹತ್ತೋವರೆಗೆ ಹೆಚ್ಚುಕಮ್ಮಿ ಒಂದು ತಿಂಗಳು. ನಡುವೆ ನಾಲ್ಕು ಜ್ವರ, ಅಂದ್ರೆ ನಾಲ್ಕು ಸಲ ಪೊರೆ ಬಿಡುತ್ತೆ. ಆ ಒಂದು ತಿಂಗಳು ರೈತನ ಕೈಯಿಂದ ದುಡ್ಡು ಹೋಗ್ತಾನೇ ಇರುತ್ತೆ, ಬರೋದು ಗೂಡು ಮಾರಿದ ಮೇಲೆ. ಅದಕ್ಕೇ ನಮ್ಮಂಥ ಅಂಗಡಿಗಳೆಲ್ಲ ಸಾಲದ ಮೇಲೇ ನಡೆಯೋದು. ಬರೆಸಿ ತಗೊಂಡು ಹೋಗ್ತಾರೆ, ಮಾರುಕಟ್ಟೆಗೆ ಗೂಡು ತಂದಾಗ ಕಟ್ಟಿ ಹೋಗ್ತಾರೆ. ಬರವಣಿಗೆ ಅಂದ್ರೆ ಅಪ್ಪನ ಕೆಂಪು ರಟ್ಟಿನ ಉದ್ದ ಪುಸ್ತಕ. ಊರಿಗೊಂದು ಪುಟ, ಪುಟದಲ್ಲಿ ಹೆಸರು, ಹೆಸರಿನ ಪಕ್ಕ ಬಾಕಿ.

ಚಿಕ್ಕಪ್ಪ ಚಿಂತಾಮಣಿಯಲ್ಲಿ ಇನ್ನೊಂದು ಅಂಗಡಿ ಹಾಕಿದ ಮೇಲೆ ಪುಸ್ತಕ ಎರಡಾಯ್ತು. ಒಂದೇ ರೈತ ಇಲ್ಲೂ ಬರೆಸ್ತಾನೆ, ಅಲ್ಲೂ ಬರೆಸ್ತಾನೆ. ರಾತ್ರಿ ಅಣ್ಣತಮ್ಮ ಇಬ್ಬರೂ ಫೋನಲ್ಲಿ ಲೆಕ್ಕ ಒಪ್ಪಿಸೋದು. ಬೆಂಗಳೂರಿನಿಂದ ವಾರಕ್ಕೊಮ್ಮೆ ಊರಿಗೆ ಹೋಗ್ತಿದ್ದ ನನಗೆ ಇದನ್ನ ನೋಡಿ ಕೈ ಕಡಿಯೋಕೆ ಶುರುವಾಯ್ತು. ಸಾಫ್ಟ್‌ವೇರ್ ಇಂಜಿನಿಯರ್ ಮಗ ಇದ್ದೂ ಇದೇನಿದು ಅಂತ. 2022ರಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಪೈಥಾನ್, ಅದರ ಕೆಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಎರಡೂ ಅಂಗಡಿಯವರು ಬ್ರೌಸರ್ ತೆಗೆದು ಹೆಸರು ಹುಡುಕಿ ಬರೆಯಬಹುದು. ಎಲ್ಲ ಕನ್ನಡದಲ್ಲೇ. ಅದೊಂದು ನನ್ನ ಹಠ. ಮನೆಯಲ್ಲಿ ತೆಲುಗು ಮಾತಾಡ್ತೀವಿ, ಲೆಕ್ಕ ಮಾತ್ರ ತಾತನ ಕಾಲದಿಂದಲೂ ಕನ್ನಡದಲ್ಲಿ.

ಒಂದು ವರ್ಷ ಚೆನ್ನಾಗೇ ನಡೀತು. ಅಪ್ಪ ಕೆಂಪು ಪುಸ್ತಕ ಬರೆಯೋದು ಬಿಟ್ಟರು. ನಾನು ಎಲ್ಲರ ಹತ್ರ ಕೊಚ್ಚಿಕೊಂಡೆ.

ಈಗ ವೆಂಕಟರೋಣಪ್ಪನವರ ವಿಷಯಕ್ಕೆ ಬರ್ತೀನಿ. ಅದು ಅವರ ನಿಜವಾದ ಹೆಸರಲ್ಲ. ನಮ್ಮ ಕಡೆ ಈ ಹೆಸರಿನವರು ತುಂಬಾ ಜನ ಸಿಗ್ತಾರೆ, ಅದನ್ನೇ ಅವರಿಗೆ ಇಡ್ತಿದ್ದೀನಿ. ಗೌರಿಬಿದನೂರು ಕಡೆಯ ಒಂದು ಹಳ್ಳಿಯವರು, ಗೂಡು ಹಾಕೋಕೆ ಶಿಡ್ಲಘಟ್ಟದ ಮಾರುಕಟ್ಟೆಗೇ ಬರೋರು. ನಮ್ಮ ತಾತನ ಕಾಲದ ಗಿರಾಕಿ. 2023ರ ಕಾರ್ತಿಕದಲ್ಲಿ ಅಂಗಡಿಗೆ ಬಂದಾಗ ಅಪ್ಪ, "ಏನಪ್ಪ ವೆಂಕಟರೋಣಪ್ಪ, ಆರು ಸಾವಿರ ಹಳೇದು ಹಾಗೇ ಇದೆಯಲ್ಲ" ಅಂದರು. ಅವರು, "ಕಟ್ಟಿದೀನಲ್ಲ ಸ್ವಾಮಿ. ಕೈವಾರಕ್ಕೆ ಹೋಗಿದ್ದಾಗ ಚಿಂತಾಮಣಿ ಅಂಗಡೀಲಿ ಕೊಟ್ಟು ಬಂದೆ" ಅಂದರು. ಅಪ್ಪ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದರು. ಒಂದೇ ಖಾತೆ ಬಂತು. ಬಾಕಿ ಆರು ಸಾವಿರ. ಜಮಾ ಇಲ್ಲ. ಚಿಂತಾಮಣಿಗೆ ಫೋನ್ ಮಾಡಿದರು. ಚಿಕ್ಕಪ್ಪ ಊರಲ್ಲಿರಲಿಲ್ಲ. ಅಲ್ಲಿದ್ದ ಹುಡುಗನೂ ಅದೇ ಪರದೆ ನೋಡಿ, "ಇಲ್ಲ, ಬಾಕಿ ಇದೆ ಅಂತಾನೇ ತೋರಿಸ್ತಿದೆ" ಅಂದ. ಪಾಪ, ದಿನಕ್ಕೆ ಮೂವತ್ತು ಜನಕ್ಕೆ ಬರೆಯೋನು. ತಿಂಗಳ ಹಿಂದೆ ಯಾರು ಕಟ್ಟಿದರು ಅಂತ ಅವನಿಗೆ ಎಲ್ಲಿ ನೆನಪಿರುತ್ತೆ.

ಅಪ್ಪ ಜೋರು ಮಾಡೋ ಮನುಷ್ಯ ಅಲ್ಲ. "ಕಂಪ್ಯೂಟರ್‌ನಲ್ಲಿ ಇಲ್ವಲ್ಲಪ್ಪ" ಅಂದರು, ಅಷ್ಟೇ. ಆದರೆ ಅಂಗಡಿಯಲ್ಲಿ ಇನ್ನೂ ಮೂರು ನಾಲ್ಕು ಜನ ನಿಂತಿದ್ದರು. ವೆಂಕಟರೋಣಪ್ಪನವರು ಮಾತಾಡಲಿಲ್ಲ. ಒಳಜೇಬಿನಿಂದ ಬೇರೆ ಯಾವುದಕ್ಕೋ ಇಟ್ಟಿದ್ದ ದುಡ್ಡು ತೆಗೆದು, ಎರಡು ಸಲ ಎಣಿಸಿ, ಗಲ್ಲಾ ಮೇಲಿಟ್ಟು ಹೊರಟುಹೋದರು. ಮುಂದಿನ ಬೆಳೆಗೆ ನಮ್ಮ ಅಂಗಡಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

2024ರ ಯುಗಾದಿಗೆ ನಾನು ಊರಿಗೆ ಹೋದಾಗ ಚಿಕ್ಕಪ್ಪ ಒಂದು ಹಳೆ ಚೀಟಿ ಕಟ್ಟು ಹಿಡ್ಕೊಂಡು ಬಂದರು. ಹುಡುಗ ಕೊಟ್ಟ ರಸೀದಿಗಳ ಕಾರ್ಬನ್ ಪ್ರತಿ. ಅದರಲ್ಲಿ ವೆಂಕಟರೋಣಪ್ಪ, 6,000, ತಾರೀಖು ಎಲ್ಲ ಇತ್ತು. ಅಪ್ಪನ ಮುಖ ನೋಡೋಕಾಗಲಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು. "ಹಾಗಾದ್ರೆ ಆ ದುಡ್ಡು ನಿನ್ನ ಕಂಪ್ಯೂಟರಲ್ಲಿ ಎಲ್ಲಿ ಹೋಯ್ತು?"

ಹೋಳಿಗೆ ತಿನ್ನೋ ಹಬ್ಬದ ದಿನ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ. ಎಲ್ಲ ಖಾತೆಗಳನ್ನೂ ಒಂದು ಪಟ್ಟಿಯಾಗಿ ತೆಗೆದು ಕಣ್ಣಲ್ಲೇ ನೋಡ್ತಾ ಹೋದರೆ, ಒಂದೇ ಹೆಸರು ಎರಡು ಕಡೆ ಇದೆ! ಒಂದರಲ್ಲಿ ಆರು ಸಾವಿರ ಬಾಕಿ ಇದ್ದು, ಅಪ್ಪನ ಹತ್ತಿರ ಕಟ್ಟಿ ತೀರಿದೆ. ಇನ್ನೊಂದರಲ್ಲಿ ಸಾಲವೇ ಇಲ್ಲದೆ ಆರು ಸಾವಿರ ಜಮಾ. ಎರಡೂ ಒಂದೇನಾ ಅಂತ ಪೈಥಾನನ್ನ ಕೇಳಿದೆ. ಅಲ್ಲ ಅಂತು. ಉದ್ದ ಎಷ್ಟು ಅಂತ ಕೇಳಿದೆ. ಎರಡೂ ಅಷ್ಟೇ ಉದ್ದ. ಆಮೇಲೆ ಒಂದೊಂದೇ ಅಕ್ಷರದ ಯುನಿಕೋಡ್ ಸಂಖ್ಯೆ ಬರೆಸಿದೆ.

ಮೊದಲನೆಯದು: 3253, 3270, 3202, 3221...
ಎರಡನೆಯದು: 3253, 3270, 3302, 3221...

ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅಂತ 128 ಮನೆಗಳಿವೆ, 3200ರಿಂದ 3327ರವರೆಗೆ. 3202ನೇ ಮನೆಯಲ್ಲಿರೋದು ಅನುಸ್ವಾರ. 3302ನೇ ಮನೆಯಲ್ಲಿರೋದು ಕನ್ನಡ ಅಂಕಿ ಸೊನ್ನೆ. ಸರಿಯಾಗಿ ನೂರು ಮನೆ ದೂರ. ಯಂತ್ರಕ್ಕೆ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಅಕ್ಷರದ ಜಾತಿ, ಇನ್ನೊಂದು ಅಂಕಿಯ ಜಾತಿ.

ಹುಡುಗನನ್ನ ಕರೆದು ಕೇಳಿದೆ, ಇದನ್ನ ಹೇಗೆ ಟೈಪ್ ಮಾಡ್ತೀಯ ಅಂತ. ಅವನು ಕೀಬೋರ್ಡಿನಲ್ಲಿ ಕನ್ನಡ ಅಂಕಿ ಬರೋ ಹಾಗೆ ಇಟ್ಟುಕೊಂಡಿದ್ದ. "ವೆ ಬರೆದು ಸೊನ್ನೆ ಕೊಡಬೇಕಲ್ಲಣ್ಣ, ಅದಕ್ಕೆ ಸೊನ್ನೆ ಒತ್ತಿದೆ" ಅಂದ.

ನೀವೇ ಹೇಳಿ, ಅವನದೇನು ತಪ್ಪು? ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಕಲಿತದ್ದೇ ಹಾಗೆ. "ಅ ಸೊನ್ನೆ ಅಂ". ಮೇಷ್ಟ್ರು ಸೊನ್ನೆ ಅಂದರು, ಅವನು ಸೊನ್ನೆ ಒತ್ತಿದ. ಅವತ್ತು ವೆಂಕಟರೋಣಪ್ಪನವರ ಹೆಸರು ಹುಡುಕಿದಾಗ ಸಿಗಲಿಲ್ಲ, ಹೊಸ ಗಿರಾಕಿ ಇರಬೇಕು ಅಂತ ಹೊಸ ಖಾತೆ ತೆರೆದು ಜಮಾ ಮಾಡಿದ. ಆಮೇಲೆ ಅಪ್ಪ ಫೋನ್ ಮಾಡಿದಾಗ ಅವನು ಹೆಸರು ಟೈಪ್ ಮಾಡಲಿಲ್ಲ, ಊರಿನ ಪಟ್ಟಿ ತೆಗೆದು ಮೊದಲು ಕಂಡದ್ದನ್ನ ಓದಿ ಹೇಳಿದ. ಅಪ್ಪನ ಕೆಂಪು ಪುಸ್ತಕ ಆಗಿದ್ದಿದ್ರೆ ಈ ತಪ್ಪು ಸಾಧ್ಯವೇ ಇರಲಿಲ್ಲ. ಕಾಗದದ ಮೇಲೆ ಎರಡೂ ಒಂದೇ ಗುಂಡು.

ಮಾರನೇ ದಿನ ಅಪ್ಪ, ನಾನು ಬೈಕಿನಲ್ಲಿ ಚಿಕ್ಕಬಳ್ಳಾಪುರದ ಮೇಲೆ ಹಾದು ಅವರ ಊರಿಗೆ ಹೋದೆವು. ಹುಳು ಮನೆ ಮುಂದೆ ಸೊಪ್ಪು ಇಳಿಸ್ತಿದ್ದರು. ಅಪ್ಪ ಆರು ಸಾವಿರ ಕೈಗಿಟ್ಟು, "ನಮ್ಮದೇ ತಪ್ಪು" ಅಂದರು. ಅವರು ದುಡ್ಡನ್ನ ಎಣಿಸದೇ ಜೇಬಿಗೆ ಹಾಕಿಕೊಂಡರು. ಕಾಫಿ ಕೊಟ್ಟರು. ಹೊರಡೋವಾಗ ತೆಲುಗಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ದುಡ್ಡಿನದಲ್ಲಪ್ಪ. ಅವತ್ತು ಅಲ್ಲಿ ನಿಂತಿದ್ದೋರಲ್ಲಿ ಒಬ್ಬ ನಮ್ಮ ಬೀಗರ ಊರೋನು."

ದಾರಿಯಲ್ಲಿ ಅಪ್ಪ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಆ ರಾತ್ರಿಯೇ ರಿಪೇರಿ ಶುರು ಮಾಡಿದೆ. ಸಿಟ್ಟಿನಲ್ಲಿ ಮಾಡಿದ ರಿಪೇರಿ ಹೇಗಿರುತ್ತೋ ಹಾಗೇ ಇತ್ತು. ಅಂಕಿ ಸೊನ್ನೆ ಕಂಡ ಕಡೆಯೆಲ್ಲ ಅನುಸ್ವಾರ ಮಾಡು, ಹೆಸರೂ ಊರೂ ಒಂದೇ ಆದ ಖಾತೆಗಳನ್ನ ಕೂಡಿಸಿಬಿಡು ಅಂತ ಬರೆದು ಓಡಿಸಿದೆ. ಹನ್ನೊಂದು ಜೋಡಿ ಕೂಡಿಕೊಂಡವು. ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದೆ. ಅಪ್ಪ ಪಟ್ಟಿ ಮೇಲಿಂದ ಕೆಳಗೆ ನೋಡಿ ಒಂದು ಕಡೆ ಬೆರಳಿಟ್ಟರು. "ಇದು ತಾತ. ಇವನು ಮೊಮ್ಮಗ. ಇಬ್ಬರಿಗೂ ಬೇರೆ ಬೇರೆ ಖಾತೆ ಇತ್ತು. ಮೊಮ್ಮಗನ ಸಾಲ ಈಗ ತಾತನ ತಲೆ ಮೇಲೆ ಹಾಕಿದೀಯ."

ತಾತನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ ನಮ್ಮ ಮನೆಯಲ್ಲೂ ಇದೆ. ಆದರೂ ನನಗೆ ಹೊಳೆದಿರಲಿಲ್ಲ. ಮೊದಲು ಒಬ್ಬರನ್ನ ಇಬ್ಬರು ಮಾಡಿದ್ದೆ, ಈಗ ಇಬ್ಬರನ್ನ ಒಬ್ಬರು ಮಾಡಿದೆ. ಹಿಂದಿನ ದಿನದ ಬ್ಯಾಕಪ್ ಇತ್ತು, ಬಚಾವ್.

ಇನ್ನೊಂದು ಎಡವಟ್ಟೂ ಆಗಿತ್ತು. "೨೦ ಚೀಲ" ಅಂತ ಷರಾ ಇದ್ದ ಕಡೆಯೆಲ್ಲ ಸೊನ್ನೆ ಹೋಗಿ ಅನುಸ್ವಾರ ಬಂದು "೨ಂ ಚೀಲ" ಆಗಿತ್ತು. ಕಣ್ಣಿಗೆ ಇಪ್ಪತ್ತೇ. ಆದರೆ ಕಂಪ್ಯೂಟರಿಗೆ ಅದು ಸಂಖ್ಯೆಯೇ ಅಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಸಮಾಧಾನವಾಗಿ ಯೋಚಿಸಿದೆ. ಇದು ನಮ್ಮ ಅಂಗಡಿಯ ಸಮಸ್ಯೆ ಮಾತ್ರ ಅಲ್ಲ. ಕನ್ನಡದಲ್ಲಿ ಹೆಸರು ಬರೆದು, ಕನ್ನಡದಲ್ಲೇ ಹುಡುಕೋ ಪ್ರತಿಯೊಂದು ಪ್ರೋಗ್ರಾಂನಲ್ಲೂ ಇದು ಕೂತಿರುತ್ತೆ. ಇದಕ್ಕೆ ಯಾರಾದ್ರೂ ಪರಿಹಾರ ಬರೆದಿರಬೇಕಲ್ಲ ಅಂತ ನಾನು ಬಳಸ್ತಿದ್ದ ಲೈಬ್ರರಿಗಳಲ್ಲಿ ಹುಡುಕಿದೆ. ಸಿಗಲಿಲ್ಲ.

ಇಲ್ಲಿ ಎರಡು ಮಾತು ತಾಂತ್ರಿಕವಾಗಿ ಹೇಳ್ತೀನಿ. ಪೈಥಾನಿನಲ್ಲಿ ಡೇಟಾಬೇಸ್ ಜೊತೆ ಮಾತಾಡೋಕೆ ತುಂಬಾ ಜನ ಬಳಸೋದು ಎಸ್‌ಕ್ಯೂಎಲ್‌ಆಲ್ಕೆಮಿ. ಮೈಕ್ ಬೇಯರ್ ಅನ್ನೋರು ಬರೆದದ್ದು, 2006ರಲ್ಲಿ ಮೊದಲು ಬಿಡುಗಡೆಯಾಯ್ತು, ಓಪನ್ ಸೋರ್ಸ್. ಅದೊಂದು ದುಭಾಷಿ ಅನ್ನಿ. "ಈ ಹೆಸರಿನ ಖಾತೆ ಕೊಡು" ಅಂತ ನಾವು ಪೈಥಾನಿನಲ್ಲಿ ಹೇಳಿದ್ರೆ, ಪೋಸ್ಟ್‌ಗ್ರೆಸ್‌ಗೆ ಪೋಸ್ಟ್‌ಗ್ರೆಸ್ ಭಾಷೆಯಲ್ಲಿ, ಎಸ್‌ಕ್ಯೂಲೈಟ್‌ಗೆ ಎಸ್‌ಕ್ಯೂಲೈಟ್ ಭಾಷೆಯಲ್ಲಿ ಹೇಳುತ್ತೆ. ಅದರ ನಿಜವಾದ ಸೊಗಸು ಏನಂದ್ರೆ, ಗೋಡೆ ಒಡೆಯದೆ ಗೂಟ ಹೊಡೆಯೋಕೆ ಜಾಗ ಬಿಟ್ಟಿದ್ದಾರೆ. ನಮ್ಮದೇ ಹೊಸ ಕಾಲಂ ಟೈಪ್ ಮಾಡಬಹುದು, ಅದರೊಳಗೆ ಮೌಲ್ಯ ಹೋಗುವಾಗ, ಬರುವಾಗ ಏನು ಮಾಡಬೇಕು ಅಂತ ಹೇಳಬಹುದು. ನಮ್ಮದೇ ಹೊಸ ಫಂಕ್ಷನ್ ಮಾಡಿ, ಯಾವ ಡೇಟಾಬೇಸ್‌ಗೆ ಅದನ್ನ ಹೇಗೆ ಅನುವಾದ ಮಾಡಬೇಕು ಅಂತಲೂ ಬರೆಯಬಹುದು. ಎಸ್‌ಕ್ಯೂಲೈಟ್ ಅಂತೂ ಈ ವಿಷಯದಲ್ಲಿ ಇನ್ನೂ ಮಜಾ. ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ್ದು. ಕೋಡ್ ಯಾರ ಸ್ವತ್ತೂ ಅಲ್ಲ, ಪಬ್ಲಿಕ್ ಡೊಮೇನ್. ಆದರೆ ಹೊರಗಿನವರ ಕೋಡನ್ನ ಅವರು ಸಾಮಾನ್ಯವಾಗಿ ಒಳಗೆ ಸೇರಿಸಿಕೊಳ್ಳೋದಿಲ್ಲ. ಬೇಕಾದ್ರೆ ಹೊರಗಿಂದಲೇ ಫಂಕ್ಷನ್ ತಗುಲಿಸಿಕೋ ಅಂತಾರೆ. ಮನೆಯೊಳಗೆ ಬರಬೇಡ, ಜಗಲಿ ಮೇಲೆ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ ಅಂದ ಹಾಗೆ :-)

ಎಸ್‌ಕ್ಯೂಎಲ್‌ಆಲ್ಕೆಮಿ ಮೇಲೆ ಕೂರೋ ಇನ್ನೊಂದು ಚಿಕ್ಕ ಲೈಬ್ರರಿ ಇದೆ. ಹೆಸರು ಹುಡುಕೋದು, ಹೋಲಿಸೋದು, ಇಂಥ ಕೆಲಸಗಳಿಗೆ. ಅದರ ಹೆಸರು ಬೇಡ, ನಡೆಸೋರು ಒಬ್ಬರೇ ಪುಣ್ಯಾತ್ಮ. ನಾನು ಅದನ್ನ ಅಂಗಡಿ ಪ್ರೋಗ್ರಾಂನಲ್ಲಿ ಬಳಸ್ತಿದ್ದೆ. ಇದಕ್ಕೇ ಕನ್ನಡ ಸೇರಿಸ್ತೀನಿ ಅಂತ ಹೊರಟೆ. ಎರಡು ವಾರ ರಾತ್ರಿ ಕೂತು ಎಂಟುನೂರು ಸಾಲು ಬರೆದು ಪುಲ್ ರಿಕ್ವೆಸ್ಟ್ ಕಳಿಸಿದೆ. ಹೋಲಿಕೆ ಮಾಡೋ ಮೂಲ ಕೋಡನ್ನೇ ಬದಲಾಯಿಸಿದ್ದೆ. ಇನ್ನು ಮೇಲೆ ಯಾರು ಎಲ್ಲಿ ಕನ್ನಡ ಹೋಲಿಸಿದ್ರೂ ಎರಡೂ ಬದಿ ಶುದ್ಧವಾಗಿಯೇ ಹೋಲಿಕೆ ಆಗಬೇಕು ಅಂತ.

ಮೂರು ದಿನಕ್ಕೆ ಉತ್ತರ ಬಂತು. ಮರ್ಯಾದೆಯಿಂದಲೇ ಬೇಡ ಅಂದಿದ್ದರು. ಕಾರಣ ಎರಡು. ಒಂದು, ಹುಡುಕುವಾಗ ಕಾಲಂ ಮೇಲೆ ಫಂಕ್ಷನ್ ಹಾಕಿದರೆ ಆ ಕಾಲಂನ ಇಂಡೆಕ್ಸ್ ಉಪಯೋಗಕ್ಕೆ ಬರೋದಿಲ್ಲ. ಸಾವಿರ ಖಾತೆ ಇರೋ ನಿನ್ನ ಅಂಗಡಿಗೆ ಗೊತ್ತಾಗದೇ ಇರಬಹುದು, ಕೋಟಿ ಸಾಲು ಇರೋರಿಗೆ ಪ್ರತಿ ಹುಡುಕಾಟವೂ ಮೊದಲಿನಿಂದ ಕೊನೆವರೆಗೆ ಓದಬೇಕಾಗುತ್ತೆ. ಎರಡನೆಯದು ನನಗೆ ತಟ್ಟಿದ್ದು. ಅವರು ಹೇಳಿದ್ದರ ಸಾರ ಇಷ್ಟು: ಯಾರೋ ಬರೆದ ಹೆಸರನ್ನ ಅವರಿಗೆ ಹೇಳದೆ ತಿದ್ದೋ ಹಕ್ಕು ಲೈಬ್ರರಿಗೆ ಇಲ್ಲ. ಹೆಸರು ಬರೆದ ಹಾಗೇ ಇರಲಿ. ಹುಡುಕೋಕೆ ಬೇರೆ ಒಂದು ಕೀಲಿ ಮಾಡಿ ಪಕ್ಕದಲ್ಲಿಡು.

ಮೊದಲು ಸಿಟ್ಟು ಬಂತು. ಇವರಿಗೇನು ಗೊತ್ತು ಕನ್ನಡ ಅಂತ. ಎರಡು ದಿನ ಬಿಟ್ಟು ಮತ್ತೆ ಓದಿದಾಗ ತಾತ ಮೊಮ್ಮಗ ನೆನಪಾದರು. ಕನ್ನಡ ಒಂದಕ್ಷರ ಗೊತ್ತಿಲ್ಲದೇನೇ ಅವರು ನನ್ನ ತಪ್ಪನ್ನ ಸರಿಯಾಗಿ ಹಿಡಿದಿದ್ದರು.

ಸರಿ, ಎಂಟುನೂರು ಸಾಲು ಬಿಸಾಡಿದೆ. ಕೀಲಿ ಮಾಡೋದು ಮಾತ್ರ ಬರೆದೆ. ಟೈಪ್ ಮಾಡಿದ ಹೆಸರು ಹಾಗೇ ಒಂದು ಕಾಲಂನಲ್ಲಿ, ಅದರಿಂದ ಮಾಡಿದ ಕೀಲಿ ಇನ್ನೊಂದು ಕಾಲಂನಲ್ಲಿ, ಆ ಕೀಲಿಗೆ ಇಂಡೆಕ್ಸ್. ಅವರು ಕೇಳಿದ್ದು ಇನ್ನೊಂದು: ಟೆಸ್ಟ್‌ಗಳು. ಓದೋಕೆ ಬಾರದ ಲಿಪಿ, ಹಾಗಾಗಿ ಪ್ರತಿ ನಿಯಮಕ್ಕೂ ಒಂದು ಟೆಸ್ಟು, ಯಾಕೆ ಅಂತ ಒಂದು ಸಾಲು ವಿವರಣೆ. ಉದಾಹರಣೆಗೆ ಏನು ಕೊಡಲಿ ಅಂತ ಯೋಚಿಸ್ತಾ ನಮ್ಮ ಕಡೆಯ ಊರುಗಳನ್ನ ಬರೆದುಕೊಂಡೆ. ನೋಡಿದ್ರೆ ನಾಲ್ಕು ಊರಿನಲ್ಲೂ ಒಂದೊಂದು ಸಮಸ್ಯೆ ಕೂತಿದೆ!

ಚಿಂತಾಮಣಿ. ಇದು ಸೊನ್ನೆಯ ಊರು. ಚಿಂತಾಮಣಿ ಅಂತಲೂ ಬರೆಯಬಹುದು, ಚಿ೦ತಾಮಣಿ ಅಂತಲೂ ಒತ್ತಬಹುದು. ನಿಯಮ ಹೀಗೆ ಮಾಡಿದೆ. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದು, ಮುಂದೆ ಅಂಕಿ ಇಲ್ಲದಿದ್ದರೆ ಮಾತ್ರ ಕೀಲಿಯಲ್ಲಿ ಅದನ್ನ ಅನುಸ್ವಾರ ಅಂತ ತಿಳಿ. "೧೦"ರಲ್ಲಿರೋ ಸೊನ್ನೆಯನ್ನ ಮುಟ್ಟಬೇಡ.

ಗೌರೀಬಿದನೂರು. ಗೌರಿಬಿದನೂರು ಅಂತಲೇ ಹೆಚ್ಚು ಜನ ಬರೆಯೋದು, ಕೆಲವರು ದೀರ್ಘ ಹಾಕ್ತಾರೆ. ಆ ದೀರ್ಘದಲ್ಲೇ ಮಜಾ ಇರೋದು. "ರೀ"ಯ ಗುಣಿತವನ್ನ ಒಂದೇ ಸಂಕೇತವಾಗಿ ಇಡಬಹುದು, ಅಥವಾ ಗುಡಿಸು ಒಂದು, ದೀರ್ಘದ ಚಿಹ್ನೆ ಇನ್ನೊಂದು ಅಂತ ಎರಡಾಗಿ ಇಡಬಹುದು. ಪರದೆ ಮೇಲೆ ಒಂದೇ. ಕನ್ನಡದಲ್ಲಿ ಇಂಥ ಐದು ಗುಣಿತ ಚಿಹ್ನೆಗಳಿವೆ: ೀ, ೇ, ೈ, ೊ, ೋ. ಕೊನೆಯದನ್ನಂತೂ ಮೂರು ತುಂಡಾಗಿಯೂ ಇಡಬಹುದು. ಅದೃಷ್ಟಕ್ಕೆ ಇದಕ್ಕೆ ಯುನಿಕೋಡ್‌ನವರೇ ಔಷಧಿ ಕೊಟ್ಟಿದ್ದಾರೆ. ಎನ್‌ಎಫ್‌ಸಿ ಅನ್ನೋ ರೂಪಕ್ಕೆ ತಂದರೆ ತುಂಡುಗಳೆಲ್ಲ ಕೂಡಿಕೊಳ್ತವೆ. ಪೋಸ್ಟ್‌ಗ್ರೆಸ್ 13ರಿಂದ, ಅಂದ್ರೆ 2020ರಿಂದ, ಅದಕ್ಕೆ ಒಳಗೇ ಫಂಕ್ಷನ್ ಇದೆ. ಎಸ್‌ಕ್ಯೂಲೈಟ್‌ನಲ್ಲಿ ಇಲ್ಲ, ಪೈಥಾನಿನದ್ದನ್ನೇ ತಗುಲಿಸಬೇಕು. ನನ್ನ ಲ್ಯಾಪ್‌ಟಾಪಿನ ಪರೀಕ್ಷೆಗೆ ಎಸ್‌ಕ್ಯೂಲೈಟ್, ಅಂಗಡಿಗೆ ಪೋಸ್ಟ್‌ಗ್ರೆಸ್, ಎರಡರಲ್ಲೂ ಕೀಲಿ ಒಂದೇ ಬರಬೇಕಲ್ಲ. ಅದಕ್ಕೆ ಕೀಲಿಯನ್ನ ಪೈಥಾನಿನಲ್ಲೇ ಮಾಡಿ, ಬರೆಯುವಾಗಲೇ ಸಿದ್ಧವಾಗಿ ಕೊಡೋದು ಅಂತ ತೀರ್ಮಾನ ಆಯ್ತು.

ಶಿಡ್ಲಘಟ್ಟ. ಇದು ಕಾಣದ ಅಕ್ಷರದ ಊರು. ಒತ್ತಕ್ಷರ ಬೇಡ ಅಂತ "ಡ್" ಆದ ಮೇಲೆ ಒಂದು ಅದೃಶ್ಯ ಸಂಕೇತ ಹಾಕಿದರೆ ಶಿಡ್‌ಲಘಟ್ಟ ಅಂತ ಬಿಡಿಬಿಡಿಯಾಗಿ ಕಾಣುತ್ತೆ. ಆ ಸಂಕೇತದ ನಂಬರ್ 8204. ಅದರ ಪಕ್ಕದ 8205 ಅನ್ನ ಅರ್ಕಾವತ್ತು ತಪ್ಪಿಸೋಕೆ ಬಳಸ್ತಾರೆ. "ಸೂರ್ಯ" ಬರೆದು, "ಸೂರ‍್ಯ" ಅಂತಲೂ ಬರೆದು ನೋಡಿ, ಗೊತ್ತಾಗುತ್ತೆ. ಇವೆರಡನ್ನೂ ಎನ್‌ಎಫ್‌ಸಿ ತೆಗೆಯೋದಿಲ್ಲ. ಬರೆದವರು ಬೇಕು ಅಂತಲೇ ಹಾಕಿರ್ತಾರೆ, ಹಾಗಾಗಿ ಹೆಸರಿನಲ್ಲಿ ಇರಲಿ. ಕೀಲಿಯಲ್ಲಿ ಮಾತ್ರ ಬಿಟ್ಟೆ.

ಚಿಕ್ಕಬಳ್ಳಾಪುರ. ಇದು ಹುಡುಕೋದಲ್ಲ, ಜೋಡಿಸೋ ಸಮಸ್ಯೆ. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ "ಳ" ಕೊನೆಯ ಅಕ್ಷರ, "ಹ" ಆದ ಮೇಲೆ. ಆದರೆ ಯುನಿಕೋಡ್ ಮನೆಗಳಲ್ಲಿ "ಲ" ಪಕ್ಕದಲ್ಲೇ "ಳ" ಇದೆ, "ವ"ಗಿಂತ ಮೊದಲು. ಭಾರತದ ಲಿಪಿಗಳಿಗೆಲ್ಲ ಒಂದೇ ವರಸೆ ಹಾಕಿದ ಇಸ್ಕಿ ಅನ್ನೋ ಹಳೆ ಸಂಕೇತದಿಂದ ಬಂದ ಬಳುವಳಿ ಅದು. ಸಂಖ್ಯೆ ನೋಡಿಕೊಂಡು ಜೋಡಿಸಿದರೆ ಮಳ್ಳೂರು ಮೊದಲು ಬರುತ್ತೆ, ಮಹದೇವಪ್ಪ ಆಮೇಲೆ. ಅಪ್ಪ ನಿಘಂಟಿನ ಕ್ರಮದಲ್ಲಿ ಹುಡುಕ್ತಾ ಹೋಗಿ ಸಿಗಲಿಲ್ಲ ಅಂತ ಎಷ್ಟೋ ಸಲ ಬೈದಿದ್ದರು. ಪೋಸ್ಟ್‌ಗ್ರೆಸ್ 16ರಲ್ಲಿ, 2023ರಲ್ಲಿ, ಜೋಡಣೆಗೆ ನಮ್ಮದೇ ನಿಯಮ ಬರೆಯೋ ಅವಕಾಶ ಬಂತು. "ಹ ಆದ ಮೇಲೆ ಳ" ಅನ್ನೋದು ಅಲ್ಲಿ ಒಂದೇ ಸಾಲು. ಹಳೆಯ ಆವೃತ್ತಿ ಬಳಸೋರಿಗೆ ಏನು ಮಾಡೋದು ಅಂತ ಒಮ್ಮತ ಬರದೆ ಈ ಭಾಗ ಇನ್ನೂ ಸೇರಿಲ್ಲ. ಟೆಸ್ಟ್ ಮಾತ್ರ ಇದೆ, "ಸದ್ಯಕ್ಕೆ ಬಿಟ್ಟಿದೆ" ಅಂತ ಗುರುತು ಹಾಕಿಕೊಂಡು.

ಇಷ್ಟೆಲ್ಲ ಆದ ಮೇಲೂ ಕೀಲಿಗೆ ಸಿಗದ್ದು ಇದೆ. ಶಿಡ್ಲಘಟ್ಟವನ್ನ ಸಿಡ್ಲಘಟ್ಟ ಅಂತ ಬರೆಯೋರಿದ್ದಾರೆ. ಅದು ಸಂಕೇತದ ತಪ್ಪಲ್ಲ, ಉಚ್ಚಾರದ ವ್ಯತ್ಯಾಸ. ಅದಕ್ಕೆ ಧ್ವನಿ ನೋಡಿ ಹುಡುಕೋ ವಿಧಾನ ಬೇಕು. ಈ ಕೆಲಸ ಕನ್ನಡದಲ್ಲಿ ಆಗಲೇ ಆಗಿದೆ ಅನ್ನೋದು ಖುಷಿಯ ವಿಷಯ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು "ಅಲರ್" 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಬಂತಲ್ಲ, ಅದನ್ನ ಅಂತರ್ಜಾಲಕ್ಕೆ ತಂದ ಕೈಲಾಶ್ ನಾಧ್ ಅವರು ಕೆಎನ್‌ಫೋನ್ ಅಂತ ಒಂದು ಪುಟ್ಟ ಲೈಬ್ರರಿ ಬರೆದಿದ್ದಾರೆ. ಒಂದು ಕನ್ನಡ ಪದ ಕೊಟ್ಟರೆ ಅದರ ಧ್ವನಿಗೆ ಸಡಿಲದಿಂದ ಬಿಗಿಯವರೆಗೆ ಮೂರು ಹಂತದ ಕೀಲಿ ಕೊಡುತ್ತೆ. ಅದನ್ನ ನೋಡಿದ ಮೇಲೆ ನನ್ನ ಕೆಲಸ ಎಷ್ಟು ಅಂತ ಸ್ಪಷ್ಟ ಆಯ್ತು. ಒಂದೇ ಹೆಸರನ್ನ ಎರಡು ಥರ ಒತ್ತಿದ್ದರೆ ಹಿಡಿಯೋದು ನನ್ನದು. ಎರಡು ಥರ ಉಚ್ಚರಿಸಿದರೆ ಹಿಡಿಯೋಕೆ ಅದನ್ನ ಮೇಲೆ ಜೋಡಿಸಿಕೊಳ್ಳಬಹುದು. ಎರಡನ್ನೂ ಬೆರೆಸೋ ಹಾಗಿಲ್ಲ. ಬೆರೆಸಿದರೆ ಮತ್ತೆ ತಾತನ ತಲೆಗೆ ಮೊಮ್ಮಗನ ಸಾಲ.

ಎರಡು ತಿಂಗಳು ಹಿಂದೆ ಮುಂದೆ ಆಗಿ, ಸುಮಾರು ನೂರಿಪ್ಪತ್ತು ಸಾಲಿನ ಒಂದು ಎಕ್ಸ್‌ಟೆನ್ಷನ್ ಆಗಿ ಅದು ಸೇರಿತು. ಸೇರಿಸೋ ಮುಂಚೆ ಅವರು ಕೊನೆಯದಾಗಿ ಕೇಳಿದ್ದು ಕೋಡ್ ಬಗ್ಗೆ ಅಲ್ಲ. ಈ ನಾಲ್ಕು ಪದಗಳ ಅರ್ಥ ಏನು ಅಂತ. ಊರುಗಳು, ಬೆಂಗಳೂರಿನ ಉತ್ತರಕ್ಕೂ ಈಶಾನ್ಯಕ್ಕೂ ಇವೆ, ಒಂದರಲ್ಲಿ ನಮ್ಮ ಅಂಗಡಿ ಇದೆ ಅಂತ ಬರೆದೆ. ಅದನ್ನ ಹಾಗೇ ಟೆಸ್ಟ್ ಕಡತದ ತಲೆಯಲ್ಲಿ ವಿವರಣೆಯಾಗಿ ಹಾಕಿದರು. ಈಗ ಆ ಲೈಬ್ರರಿಯಲ್ಲಿ ಯಾರು ಏನು ಬದಲಾಯಿಸಿದ್ರೂ, ಅದು ಸರಿ ಅನ್ನಿಸಿಕೊಳ್ಳಬೇಕಾದ್ರೆ ಮೊದಲು ಚಿಂತಾಮಣಿ, ಗೌರೀಬಿದನೂರು, ಶಿಡ್ಲಘಟ್ಟ ಹಾದೇ ಹೋಗಬೇಕು. ನಮ್ಮೂರ ಬಸ್ ಥರ :-)

ಅಂಗಡಿ ಪ್ರೋಗ್ರಾಂ ಈಗ ಖಾತೆಗಳನ್ನ ತಾನಾಗೇ ಕೂಡಿಸೋದಿಲ್ಲ. ಹೆಸರು ಹುಡುಕಿದರೆ ಒಂದೇ ಕೀಲಿ ಇರೋ ಎಲ್ಲರನ್ನೂ ಒಟ್ಟಿಗೆ ತೋರಿಸುತ್ತೆ, ತಂದೆ ಹೆಸರು, ಊರು ಸಮೇತ. ಹೊಸ ಖಾತೆ ತೆರೆಯೋಕೆ ಹೋದರೆ "ಇವರೇನಾ ನೋಡಿ" ಅಂತ ಕೇಳುತ್ತೆ. ನೋಡಿ ಹೇಳಬೇಕಾದೋರು ಅಪ್ಪ, ಚಿಕ್ಕಪ್ಪ, ಆ ಹುಡುಗ. ಅವರಿಗೆ ಮುಖ ಗೊತ್ತು, ಬೀಗರು ಗೊತ್ತು, ಯಾರ ಹುಳು ಯಾವ ಜ್ವರದಲ್ಲಿದೆ ಅನ್ನೋದೂ ಗೊತ್ತು. ಕಂಪ್ಯೂಟರ್ ಕೇಳಲಿ, ತೀರ್ಮಾನ ಇವರು ಮಾಡಲಿ.

ಈ ಬಗ್ ಯಾರ ಗಮನಕ್ಕೂ ಯಾಕೆ ಬಂದಿರಲಿಲ್ಲ ಅಂತ ತುಂಬಾ ಯೋಚಿಸಿದ್ದೀನಿ. ಲೈಬ್ರರಿ ಬರೆಯೋರು ಕನ್ನಡ ಒತ್ತೋದಿಲ್ಲ. ಕನ್ನಡ ಒತ್ತೋ ಚಿಂತಾಮಣಿಯ ಹುಡುಗ ಲೈಬ್ರರಿ ಬರೆಯೋದಿಲ್ಲ. ಎರಡೂ ಬರೋ ನನ್ನಂಥೋರು ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಹೆಸರು ಬರೆದು, ಇಂಗ್ಲಿಷಿನಲ್ಲೇ ಹುಡುಕಿ, ಎಲ್ಲ ಸರಿಯಾಗಿದೆ ಅಂದ್ಕೊಂಡು ಮಲಗ್ತೀವಿ. ಪೋಸ್ಟ್‌ಗ್ರೆಸ್ 12ರಲ್ಲಿ, 2019ರಲ್ಲಿ, ಪಠ್ಯ ಹುಡುಕಾಟಕ್ಕೆ ತಮಿಳು ಬಂತು, ನೇಪಾಳಿ ಬಂತು. ಆ ಭಾಷೆಗಳಿಗೆ ಯಾರೋ ಕೂತು ನಿಯಮ ಬರೆದುಕೊಟ್ಟಿದ್ದರು, ಅದಕ್ಕೆ ಬಂತು. ಬರೆದುಕೊಡದೇ ಇದ್ದರೆ ಬರೋದಿಲ್ಲ. ಅದರಲ್ಲಿ ಯಾರ ಪಿತೂರಿಯೂ ಇಲ್ಲ.

ವೆಂಕಟರೋಣಪ್ಪನವರು ಮತ್ತೆ ನಮ್ಮ ಅಂಗಡಿಗೆ ಬರೋಕೆ ಶುರು ಮಾಡಿದ್ದಾರೆ. ಮೊದಲಿನ ಹಾಗೆ ಬೆಂಚಿನ ಮೇಲೆ ಕೂತು ಕಾಫಿ ಕುಡೀತಾರೆ. ಆದರೆ ಒಂದು ಬದಲಾಗಿದೆ. ತಾತನ ಕಾಲದಿಂದ ಯಾವತ್ತೂ ರಸೀದಿ ಕೇಳದಿದ್ದ ಮನುಷ್ಯ ಈಗ ದುಡ್ಡು ಕಟ್ಟಿದ ತಕ್ಷಣ ಕೈ ಚಾಚ್ತಾರೆ. ಅಪ್ಪ ಮಾತಾಡದೆ ಚೀಟಿ ಬರೆದು ಕೊಡ್ತಾರೆ. ಅವರು ಅದನ್ನ ಮಡಿಸಿ ಒಳಜೇಬಿಗೆ ಹಾಕ್ಕೋತಾರೆ. ಅಪ್ಪನೂ ಕೆಂಪು ಪುಸ್ತಕ ಮತ್ತೆ ತೆಗೆದಿದ್ದಾರೆ, ಕಂಪ್ಯೂಟರ್ ಪಕ್ಕದಲ್ಲೇ. ಬೇಡ ಅನ್ನೋ ಧೈರ್ಯ ನನಗಿಲ್ಲ.

ನೀವು ಪ್ರೋಗ್ರಾಂ ಬರೆಯೋರಾದ್ರೆ ಒಂದು ಕೆಲಸ ಮಾಡಿ. ನೀವು ಬರೆದದ್ದರಲ್ಲಿ ನಿಮ್ಮ ಊರಿನ ಹೆಸರನ್ನ ಕನ್ನಡದಲ್ಲಿ ಎರಡು ಥರ ಒತ್ತಿ, ಹುಡುಕಿ ನೋಡಿ. ಸಿಗದಿದ್ರೆ ಅದನ್ನ ಸರಿ ಮಾಡೋಕೆ ನಿಮಗಿಂತ ಹತ್ತಿರದೋರು ಯಾರೂ ಇಲ್ಲ.